ಅಗ್ಗದ ಡಾಲರ್ ಸಾಲ ಕೊನೆಗೆ ಎಷ್ಟಕ್ಕೆ ಬಿತ್ತು: ಪೀಣ್ಯದ ಒಂದು ಘಟಕದ ಪ್ರಕರಣ

2011ರಿಂದ 2014ರ ನಡುವೆ ಡಾಲರ್‌ನಲ್ಲಿ ಸಾಲ ಎತ್ತಿ ಯಂತ್ರ ತರಿಸಿದ ಸಣ್ಣ ಕೈಗಾರಿಕೆಗಳಲ್ಲಿ ಅನೇಕರದು ಹೆಚ್ಚುಕಡಿಮೆ ಒಂದೇ ಪಾಡು. ಅಂಥ ಪ್ರಕರಣಗಳನ್ನು ಹೊಂದಿಸಿ ಒಂದು ಘಟಕದ ರೂಪದಲ್ಲಿ ಇಲ್ಲಿ ಬಿಡಿಸಿಟ್ಟಿದೆ. ಗುರುತು ಸಿಗಬಾರದೆಂದು ಸಾಲದ ಮೊತ್ತ, ಕಂತು, ಬ್ಯಾಂಕಿನ ಕೊಟೇಶನ್‌ಗಳನ್ನು ದುಂಡಗೆ ಮಾಡಿದ್ದೇವೆ. ಮಾರುಕಟ್ಟೆಯ ವಿನಿಮಯ ದರ, ರಿಸರ್ವ್ ಬ್ಯಾಂಕಿನ ಕ್ರಮ, ದಿನಾಂಕಗಳು ಮಾತ್ರ ಇದ್ದದ್ದು ಇದ್ದಂತೆ.

ಹಿನ್ನೆಲೆ

ಪೀಣ್ಯದ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿ. ಪಂಪು, ವಾಲ್ವುಗಳಿಗೆ ಬೇಕಾದ ಹಿತ್ತಾಳೆ ಮತ್ತು ಸ್ಟೇನ್‌ಲೆಸ್ ಸ್ಟೀಲಿನ ಬಿಡಿಭಾಗಗಳನ್ನು ಸಿಎನ್‌ಸಿ ಯಂತ್ರದಲ್ಲಿ ಕಡೆದು ಕೊಡುವ ಕೆಲಸ. ವರ್ಷದ ವಹಿವಾಟು 9 ಕೋಟಿ ರೂಪಾಯಿ ಸುಮಾರು. ಅದರಲ್ಲಿ ಶೇ 15ರಷ್ಟು ಯುರೋಪಿಗೆ ರಫ್ತು, ಬಿಲ್ಲು ಯೂರೋದಲ್ಲಿ. ನಡೆಸುವವರು ಅಣ್ಣ ತಮ್ಮ. ಶಾಪ್ ಫ್ಲೋರ್ ಅಣ್ಣನದು; ಬ್ಯಾಂಕು, ಲೆಕ್ಕ, ತೆರಿಗೆ ತಮ್ಮನದು.

2011ರ ಜುಲೈನಲ್ಲಿ ತೈವಾನ್‌ನಿಂದ ಎರಡು ಯಂತ್ರ ತರಿಸುವುದೆಂದು ತೀರ್ಮಾನವಾಯಿತು. ಬೆಲೆ 4 ಲಕ್ಷ ಡಾಲರ್. ಆಗ ಡಾಲರ್‌ಗೆ 44 ರೂಪಾಯಿ 50 ಪೈಸೆ, ಅಂದರೆ 1.78 ಕೋಟಿ. ಬ್ಯಾಂಕು ಎರಡು ದಾರಿ ತೋರಿಸಿತು. ಒಂದು, ಶೇ 13ರ ಬಡ್ಡಿಗೆ ಮಾಮೂಲಿ ರೂಪಾಯಿ ಅವಧಿ ಸಾಲ. ಇನ್ನೊಂದು ಬಯರ್ಸ್ ಕ್ರೆಡಿಟ್: ಇಲ್ಲಿನ ಬ್ಯಾಂಕು ಜವಾಬು ಹೊತ್ತು ಎಲ್‌ಒಯು ಎಂಬ ಪತ್ರ ಕಳಿಸುತ್ತದೆ, ಅದನ್ನು ನಂಬಿ ವಿದೇಶದ ಬ್ಯಾಂಕ್ ಶಾಖೆ ನೇರವಾಗಿ ಯಂತ್ರ ಮಾರಿದವನಿಗೆ ಡಾಲರ್ ಕೊಡುತ್ತದೆ, ನಾವು ಆ ಶಾಖೆಗೆ ಡಾಲರ್‌ನಲ್ಲೇ ತೀರಿಸಬೇಕು. ಬಂಡವಾಳ ಯಂತ್ರಗಳಿಗೆ ಮೂರು ವರ್ಷದವರೆಗೆ ಅವಕಾಶವಿತ್ತು. ಡಾಲರ್ ಸಾಲಕ್ಕೆ ಆಧಾರವಾಗಿದ್ದ ಲಂಡನ್ ಬಡ್ಡಿ ದರ ಲೈಬಾರ್, 6 ತಿಂಗಳದ್ದು, ಆಗ ಅರ್ಧ ಶೇಕಡಾಕ್ಕೂ ಕಡಿಮೆ. ಅದರ ಮೇಲೆ ವಿದೇಶಿ ಶಾಖೆಯ ಶೇ 2, ಎಲ್‌ಒಯು ಕಮಿಷನ್ ಶೇ 2, ಎಲ್ಲ ಸೇರಿ ಶೇ 4.5.

ಬ್ಯಾಂಕಿನ ಕೌಂಟರಿನಲ್ಲೇ ಚೆಕ್‌ಬುಕ್ಕಿನ ಹಿಂದುಗಡೆ ತಮ್ಮ ಬರೆದ ಲೆಕ್ಕ ಒಂದೇ ಸಾಲಿನದು: 13 – 4.5 = 8.5. ಮೊದಲ ವರ್ಷವೇ 15 ಲಕ್ಷ ಉಳಿತಾಯ. "ಅಣ್ಣ, ಇದನ್ನ ಬಿಟ್ರೆ ದಡ್ಡರಾಗ್ತೀವಿ" ಎಂದರಂತೆ. ತೀರಿಸುವ ಕ್ರಮ ಹೀಗೆ ನಿಗದಿಯಾಯಿತು: 2012ರ ಜುಲೈಗೆ 1 ಲಕ್ಷ ಡಾಲರ್, 2013ರ ಜುಲೈಗೆ 1 ಲಕ್ಷ, 2014ರ ಜುಲೈಗೆ ಉಳಿದ 2 ಲಕ್ಷ.

ಲೆಕ್ಕದಲ್ಲಿ ಇಲ್ಲದಿದ್ದ ಸಾಲು

ಒಂದು ಸಂಗತಿಯನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ಈ ಪ್ರಕರಣವನ್ನು ಕೇಳಿದವರೆಲ್ಲ ತಪ್ಪು ಜಾಗದಲ್ಲಿ ತಪ್ಪು ಹುಡುಕುತ್ತಾರೆ. ಡಾಲರ್‌ನಲ್ಲಿ ಸಾಲ ಎತ್ತಿದ್ದು ತಪ್ಪಲ್ಲ.

ಮುಂದೊಂದು ದಿನಕ್ಕೆ ಡಾಲರ್ ಕೊಳ್ಳುವ ದರವನ್ನು ಇವತ್ತೇ ಕಟ್ಟಿಹಾಕುವ ಒಪ್ಪಂದಕ್ಕೆ ಫಾರ್ವರ್ಡ್ ಎನ್ನುತ್ತಾರೆ. ಇವತ್ತಿನ ದರದ ಮೇಲೆ ಅದಕ್ಕೆ ಕೊಡುವ ಹೆಚ್ಚುವರಿಯೇ ಪ್ರೀಮಿಯಂ. ಇದು ಬ್ಯಾಂಕಿನವರ ಭವಿಷ್ಯವಾಣಿಯಲ್ಲ, ವಿಮೆಯ ಕಂತೂ ಅಲ್ಲ. ಮುಖ್ಯವಾಗಿ ಎರಡು ದೇಶಗಳ ಬಡ್ಡಿ ದರಗಳ ನಡುವಿನ ಅಂತರ. ರೂಪಾಯಿಗೆ ಬಡ್ಡಿ ಹೆಚ್ಚು, ಡಾಲರ್‌ಗೆ ಕಡಿಮೆ ಎಂದಾದರೆ ಆ ವ್ಯತ್ಯಾಸ ಫಾರ್ವರ್ಡ್ ದರದಲ್ಲಿ ಕೂತಿರುತ್ತದೆ. ಆಗ ಅದು ವರ್ಷಕ್ಕೆ ಶೇ 5ರ ಆಸುಪಾಸು ಇತ್ತು. 4.5ಕ್ಕೆ 5 ಸೇರಿಸಿದರೆ 9.5. ಪೂರ್ತಿ ಕಟ್ಟಿಹಾಕಿದ ಮೇಲೂ ರೂಪಾಯಿ ಸಾಲಕ್ಕಿಂತ ಶೇ 3.5 ಅಗ್ಗ. ಇದು ಹೇಗೆ ಸಾಧ್ಯ ಎಂದರೆ, ಸಣ್ಣ ಕೈಗಾರಿಕೆಗೆ ರೂಪಾಯಿ ಸಾಲ ಕೊಡುವಾಗ ಬ್ಯಾಂಕು ಹೇರುತ್ತಿದ್ದ ಹೆಚ್ಚಿನ ಅಂತರ ಬಯರ್ಸ್ ಕ್ರೆಡಿಟ್‌ನಲ್ಲಿ ಇರುತ್ತಿರಲಿಲ್ಲ.

ಹಾಗಾಗಿ ನಿಜವಾದ ಉಳಿತಾಯ 3.5. ಉಳಿದ 5 ಉಳಿತಾಯವೇ ಅಲ್ಲ. ರೂಪಾಯಿ ಬೀಳುವುದಿಲ್ಲ ಎಂಬ ಪಂದ್ಯಕ್ಕೆ ಸಿಗುವ ಕೂಲಿ. ತಮ್ಮ ಎರಡನ್ನೂ ಕೂಡಿಸಿ 8.5 ಎಂದು ಬರೆದರು.

ಪಂದ್ಯ ಎಲ್ಲಿಗೆ ಮುರಿಯುತ್ತದೆ ಎಂಬುದನ್ನೂ ಆ ದಿನವೇ ಲೆಕ್ಕ ಹಾಕಬಹುದಿತ್ತು. 44.50ನ್ನು 1.13ರಿಂದ ಗುಣಿಸಿ 1.045ರಿಂದ ಭಾಗಿಸಿದರೆ 48.12. ಅಂದರೆ ಒಂದು ವರ್ಷದ ಕೊನೆಗೆ ಡಾಲರ್ 48.12 ದಾಟಿದ್ದರೆ ಆ ಕಂತಿಗೆ ರೂಪಾಯಿ ಸಾಲವೇ ಅಗ್ಗವಾಗಿರುತ್ತಿತ್ತು. ಎರಡನೇ ವರ್ಷದ ಗಡಿ 52, ಮೂರನೆಯದು 56.30. ಈ ಮೂರು ಅಂಕಿ ಗೋಡೆಯ ಮೇಲೆ ಇದ್ದಿದ್ದರೆ 2011ರ ಸೆಪ್ಟೆಂಬರಿನಲ್ಲೇ, ಅಂದರೆ ಸಾಲ ಎತ್ತಿ ಎರಡೂವರೆ ತಿಂಗಳಾಗುವಷ್ಟರಲ್ಲೇ, ಗಂಟೆ ಬಾರಿಸುತ್ತಿತ್ತು. ಆ ತಿಂಗಳು ಡಾಲರ್ 49ರ ಮೇಲೆ ಹೋಯಿತು.

ಹತ್ತು ವರ್ಷದ ಅನುಭವ

ಲೆಕ್ಕ ಗೊತ್ತಿದ್ದವರೂ ಯಾಕೆ ಪಂದ್ಯ ಕಟ್ಟಿದರು? ವ್ಯವಹಾರಕ್ಕೆ ತಮ್ಮ ಇಳಿದದ್ದು 2001ರಲ್ಲಿ. ಆಗ ಡಾಲರ್ 47. 2002ರಲ್ಲಿ 49 ಮುಟ್ಟಿ ಇಳಿಯತೊಡಗಿತು. 2008ರ ಜನವರಿಯಲ್ಲಿ 39ರ ಹತ್ತಿರ. ಜಾಗತಿಕ ಬಿಕ್ಕಟ್ಟಿನಲ್ಲಿ 2009ರ ಮಾರ್ಚ್ ಹೊತ್ತಿಗೆ 51-52ಕ್ಕೆ ಏರಿ, 2011ರ ಜುಲೈಗೆ ಮತ್ತೆ 44ಕ್ಕೆ ಬಂತು. ಹತ್ತು ವರ್ಷದ ಕೊನೆಗೆ ರೂಪಾಯಿ ತುಸು ಗಟ್ಟಿಯೇ ಆಗಿತ್ತು. ಏರಿದ್ದು ಇಳಿಯುತ್ತದೆ ಎಂಬುದು ಅವರಿಗೆ ಸಿದ್ಧಾಂತವಲ್ಲ, ಕಣ್ಣಾರೆ ಕಂಡದ್ದು.

ಅವರ ಅಪ್ಪನ ಕಾಲದ ಯಾರನ್ನಾದರೂ ಕೇಳಿದ್ದರೆ ಬೇರೆ ಕತೆ ಸಿಗುತ್ತಿತ್ತು. 1966ರ ಜೂನ್ 6ರಂದು ಡಾಲರ್ 4.76ರಿಂದ ಒಮ್ಮೆಗೇ 7.50ಕ್ಕೆ. ಎಂಬತ್ತರ ದಶಕ ಶುರುವಾಗುವಾಗ 8ರ ಹತ್ತಿರ, ಮುಗಿಯುವಾಗ 17ರ ಹತ್ತಿರ. 1991ರ ಜುಲೈ 1 ಮತ್ತು 3ರಂದು ಎರಡು ಹಂತದ ಅಪಮೌಲ್ಯ. 1993ರ ಮಾರ್ಚ್‌ನಲ್ಲಿ ದರವನ್ನು ಪೂರ್ತಿ ಮಾರುಕಟ್ಟೆಗೆ ಬಿಟ್ಟಾಗ 31 ಚಿಲ್ಲರೆ. (1947ರಲ್ಲಿ ಒಂದು ರೂಪಾಯಿಗೆ ಒಂದು ಡಾಲರ್ ಬರುತ್ತಿತ್ತು ಎಂದು ಪ್ರತಿ ಆಗಸ್ಟ್ 15ಕ್ಕೆ ವಾಟ್ಸಾಪ್‌ನಲ್ಲಿ ಓಡಾಡುವುದು ಸುಳ್ಳು. ರೂಪಾಯಿ ಆಗ ಪೌಂಡಿಗೆ ಕಟ್ಟಿಕೊಂಡಿತ್ತು. ಪೌಂಡಿನ ಮೂಲಕ ಲೆಕ್ಕ ಹಾಕಿದರೆ ಡಾಲರ್‌ಗೆ 3 ರೂಪಾಯಿ 30 ಪೈಸೆಯಷ್ಟು.) 1993ರಿಂದ 2014ರವರೆಗಿನ ಸರಾಸರಿ ತೆಗೆದರೆ ಡಾಲರ್ ವರ್ಷಕ್ಕೆ ಸುಮಾರು ಶೇ 3ರಂತೆ ದುಬಾರಿಯಾಗಿದೆ. ಈ ಸರಾಸರಿ ಕೇಳಲು ಸೌಮ್ಯ. ಆದರೆ ಅದು ವರ್ಷವರ್ಷವೂ ಶೇ 3ರಂತೆ ಬರುವುದಿಲ್ಲ. ನಾಲ್ಕೈದು ವರ್ಷ ಮಿಸುಕದೆ ಕೂತು, ಆಮೇಲೆ ಎರಡು ವರ್ಷದಲ್ಲಿ ಗಂಟುಗಂಟಾಗಿ ಬರುತ್ತದೆ.

ಕಾರಣ ಗುಟ್ಟೇನಲ್ಲ. ನಮ್ಮಲ್ಲಿ ಬೆಲೆಗಳು ಅಮೆರಿಕಕ್ಕಿಂತ ವೇಗವಾಗಿ ಏರುತ್ತವೆ. ಏರಿದಷ್ಟೂ ರೂಪಾಯಿಯ ಒಳಗಿನ ಬೆಲೆ ಕರಗುತ್ತದೆ. ವಿದೇಶಿ ಬಂಡವಾಳ ಹರಿದು ಬರುತ್ತಿರುವಷ್ಟು ದಿನ ವಿನಿಮಯ ದರ ಅದನ್ನು ತೋರಿಸದೆ ತಡೆದಿರುತ್ತದೆ. 2003ರಿಂದ 2011ರವರೆಗೆ ಹೆಚ್ಚುಕಡಿಮೆ ಹೀಗೇ ಆಯಿತು. 2012-13ರಲ್ಲಿ ತೈಲ ಮತ್ತು ಚಿನ್ನದ ಆಮದು ಸೇರಿ ಚಾಲ್ತಿ ಖಾತೆ ಕೊರತೆ (ವಿದೇಶದಿಂದ ಗಳಿಸಿದ್ದಕ್ಕಿಂತ ಹೆಚ್ಚಾಗಿ ಹೊರಗೆ ಕೊಟ್ಟದ್ದು) ಜಿಡಿಪಿಯ ಶೇ 4.8ಕ್ಕೆ ಮುಟ್ಟಿತ್ತು. ಕಟ್ಟೆ ತುಂಬಿತ್ತು, ಹೊರಗಿನ ಹಣ ನಿಂತರೆ ಒಡೆಯುವುದಷ್ಟೇ ಬಾಕಿ.

ರಫ್ತಿದೆಯಲ್ಲ ಎಂಬ ಧೈರ್ಯ

ಸಾಲ ಎತ್ತುವಾಗ ಬ್ಯಾಂಕಿನ ಅರ್ಜಿಯಲ್ಲಿ "ವಿದೇಶಿ ವಿನಿಮಯ ಅಪಾಯಕ್ಕೆ ರಕ್ಷಣೆ" ಎಂಬ ಕಾಲಂ ಇತ್ತು. ಅಲ್ಲಿ ತುಂಬಿದ ಉತ್ತರ: ರಫ್ತಿನಿಂದ ಸಹಜ ರಕ್ಷಣೆ ಇದೆ. ಬ್ಯಾಂಕೂ ಮರುಮಾತಾಡಲಿಲ್ಲ.

ರಫ್ತಿನ ಹಣ ಯೂರೋದಲ್ಲಿ. 2011ರ ಜುಲೈನಿಂದ 2012ರ ಜುಲೈಗೆ ಡಾಲರ್ 44.50ರಿಂದ 55.50ಕ್ಕೆ ಏರಿತು, ಶೇ 25ರಷ್ಟು. ಅದೇ ಅವಧಿಯಲ್ಲಿ ಯೂರೋ 63.50ರ ಆಸುಪಾಸಿನಿಂದ 68ರ ಆಸುಪಾಸಿಗೆ, ಶೇ 7ರಷ್ಟು ಮಾತ್ರ. ಗ್ರೀಸ್, ಸ್ಪೇನ್ ಸಾಲದ ಬಿಕ್ಕಟ್ಟಿನಲ್ಲಿ ಯೂರೋ ತಾನೇ ಡಾಲರ್ ಎದುರು ಕುಸಿದಿತ್ತು. ಆದಾಯ ಒಂದು ನಾಣ್ಯದಲ್ಲಿ, ಸಾಲ ಇನ್ನೊಂದರಲ್ಲಿ ಇದ್ದರೆ ಅದು ರಕ್ಷಣೆಯಲ್ಲ.

ಇನ್ನೊಂದು ಬದಿ ಯಾರ ಕಣ್ಣಿಗೂ ಬೀಳಲಿಲ್ಲ. ಹಿತ್ತಾಳೆ ಸರಳನ್ನು ಇವರು ಊರಲ್ಲೇ ರೂಪಾಯಿಗೆ ಕೊಳ್ಳುತ್ತಿದ್ದರು. ಆದರೆ ತಾಮ್ರ, ಸತುವಿನ ಬೆಲೆ ಲಂಡನ್ ಲೋಹ ಮಾರುಕಟ್ಟೆಯಲ್ಲಿ ಡಾಲರ್‌ನಲ್ಲಿ ತೀರ್ಮಾನವಾಗುತ್ತದೆ. ಇಲ್ಲಿನ ವ್ಯಾಪಾರಿ ಅದನ್ನು ಅಂದಂದಿನ ಡಾಲರ್ ದರದಲ್ಲಿ ಗುಣಿಸಿ ಬೆಲೆ ಹೇಳುತ್ತಾನೆ. ಕಡೆಯುವ ಕಾರ್ಬೈಡ್ ಇನ್ಸರ್ಟ್‌ಗಳೂ ಆಮದು ಮಾಲೇ. ಅಂದರೆ ರೂಪಾಯಿ ಬಿದ್ದಾಗ ಸಾಲ, ಸರಳು, ಟೂಲ್ ಮೂರೂ ಒಟ್ಟಿಗೆ ಏರುತ್ತಿದ್ದವು. ದೇಶದೊಳಗಿನ ಗಿರಾಕಿಗಳ ಜತೆಗಿನ ದರ ಒಪ್ಪಂದ ಮಾತ್ರ ವರ್ಷಕ್ಕೊಮ್ಮೆ.

2012: ಕಾಣದಂತಾದ ನಷ್ಟ

2011ರ ಡಿಸೆಂಬರ್ ಮಧ್ಯದಲ್ಲಿ ಡಾಲರ್ 54 ದಾಟಿತು. ಅದೇ ತಿಂಗಳ 15ರಂದು ರಿಸರ್ವ್ ಬ್ಯಾಂಕ್, ಒಮ್ಮೆ ರದ್ದು ಮಾಡಿದ ಫಾರ್ವರ್ಡ್ ಒಪ್ಪಂದವನ್ನು ಮತ್ತೆ ಬುಕ್ ಮಾಡುವ ಸೌಲಭ್ಯ ಕಿತ್ತುಕೊಂಡಿತು. ಈ ನಿಯಮ ಮುಂದೆ ಕಾಡುತ್ತದೆ, ನೆನಪಿಟ್ಟುಕೊಳ್ಳಿ.

ಕಂಪನಿಯಲ್ಲಿ ಗಾಬರಿ ಹುಟ್ಟಬೇಕಿತ್ತು. ಹುಟ್ಟಲಿಲ್ಲ, ಏಕೆಂದರೆ ನಷ್ಟ ಕಾಣಲೇ ಇಲ್ಲ. 2011ರ ಡಿಸೆಂಬರ್ 29ರ ಅಧಿಸೂಚನೆಯಂತೆ ಲೆಕ್ಕಪತ್ರ ಮಾನದಂಡ 11ಕ್ಕೆ 46ಎ ಎಂಬ ಕಲಂ ಸೇರಿತು. ದೀರ್ಘಾವಧಿ ವಿದೇಶಿ ಸಾಲದ ಮೇಲಿನ ವಿನಿಮಯ ನಷ್ಟವನ್ನು ಲಾಭ-ನಷ್ಟ ಖಾತೆಗೆ ಹಾಕದೆ ಆಸ್ತಿಯ ಬೆಲೆಗೇ ಸೇರಿಸಬಹುದಿತ್ತು. 2012ರ ಮಾರ್ಚ್ ಕೊನೆಗೆ ಡಾಲರ್ 51.16. ನಾಲ್ಕು ಲಕ್ಷ ಡಾಲರ್ ಮೇಲೆ 26 ಲಕ್ಷ 64 ಸಾವಿರ ನಷ್ಟ, ಯಂತ್ರದ ಬೆಲೆಯೊಳಗೆ ಸೇರಿಹೋಯಿತು. ಶಾಪ್ ಫ್ಲೋರ್‌ನಲ್ಲಿ ಅದೇ ಎರಡು ಯಂತ್ರ, ಪುಸ್ತಕದಲ್ಲಿ ಮಾತ್ರ ದುಬಾರಿ ಯಂತ್ರ. ಆ ವರ್ಷದ ಲಾಭ ಚೆನ್ನಾಗೇ ಕಂಡಿತು. ಮಾನದಂಡದ ಉದ್ದೇಶ ಏನೇ ಇರಲಿ, ಮಾಲೀಕರ ಕಣ್ಣಿಗೆ ಅದು ಪಟ್ಟಿ ಕಟ್ಟಿತು ಎಂಬುದೇ ನಮ್ಮ ಅಭಿಪ್ರಾಯ. ಆದಾಯ ತೆರಿಗೆಯಲ್ಲೂ ಪರಿಹಾರ ತಕ್ಷಣ ಸಿಗುತ್ತಿರಲಿಲ್ಲ: ಆಗಿನ 43ಎ ಕಲಂನಂತೆ ಹಣ ನಿಜವಾಗಿ ಕಟ್ಟಿದ ಮೇಲೆ ಯಂತ್ರದ ಬೆಲೆಗೆ ಸೇರಿ, ಶೇ 15ರ ಸವಕಳಿಯಾಗಿ ವರ್ಷವರ್ಷ ಚೂರುಚೂರೇ ಬರುತ್ತಿತ್ತು.

2012ರ ಜುಲೈನಲ್ಲಿ ಮೊದಲ ಕಂತು, ದರ 55.50. ಒಂದು ಲಕ್ಷ ಡಾಲರ್‌ಗೆ 44.5 ಲಕ್ಷ ಎಂದುಕೊಂಡಿದ್ದ ಕಡೆ 55.5 ಲಕ್ಷ ಹೋಯಿತು. ಕೈ ಸುಟ್ಟದ್ದು ಆಗ ಮೊದಲ ಬಾರಿ ಗೊತ್ತಾಯಿತು.

2013ರ ಫೆಬ್ರವರಿ: ಬಿಟ್ಟ ಅವಕಾಶ

ಈ ಪ್ರಕರಣದ ನಿಜವಾದ ತಿರುವು ಆಗಸ್ಟ್‌ನ ಕುಸಿತವಲ್ಲ, ಅದಕ್ಕೆ ಆರು ತಿಂಗಳ ಹಿಂದಿನ ಒಂದು ಫೋನ್ ಕರೆ. ಫೆಬ್ರವರಿಯಲ್ಲಿ ರೂಪಾಯಿ ಸುಧಾರಿಸಿಕೊಂಡು 53.50ಕ್ಕೆ ಬಂದಿತ್ತು. ಬ್ಯಾಂಕಿನ ಫಾರೆಕ್ಸ್ ಡೆಸ್ಕ್‌ನವರು ಉಳಿದ ಮೂರು ಲಕ್ಷ ಡಾಲರ್‌ಗೆ ದರ ಹೇಳಿದರು: ಜುಲೈ 2013ರ ಒಂದು ಲಕ್ಷಕ್ಕೆ 54.85, ಜುಲೈ 2014ರ ಎರಡು ಲಕ್ಷಕ್ಕೆ 57.90.

ತಮ್ಮನ ಉತ್ತರ: "ಇವತ್ತಿನ ರೇಟಿನ ಮೇಲೆ 4 ರೂಪಾಯಿ 40 ಪೈಸೆ ಸುಮ್ನೆ ಕೊಡೋದಾ ಸಾರ್? 50ಕ್ಕೆ ಬರಲಿ, ಆಗ ನೋಡೋಣ."

ಇದರ ಹಿಂದೆ ಮೂರು ಲೆಕ್ಕ ಕೆಲಸ ಮಾಡಿದ್ದವು. ಮನಸ್ಸಿನಲ್ಲಿದ್ದ ಅಳತೆಗೋಲು ಇನ್ನೂ 44.50, 57.90 ಒಪ್ಪಿದರೆ ನಷ್ಟಕ್ಕೆ ತಾವೇ ಸಹಿ ಹಾಕಿದಂತೆ. ಎರಡನೆಯದು, ಪ್ರೀಮಿಯಂ ಕಣ್ಣಿಗೆ ಕಾಣುವ ಖರ್ಚು, ತೆರೆದು ಬಿಟ್ಟ ಸಾಲ ಕಾಣದ ಖರ್ಚು. ಮೂರನೆಯದು ರೂಪಾಯಿ 57ರಿಂದ 53ಕ್ಕೆ ಬಂದದ್ದನ್ನು ಅವರು ವಾಪಸಾತಿಯ ಆರಂಭ ಎಂದು ಓದಿದ್ದು. ಆ ಕರೆಗೆ ಹೂಂ ಎಂದಿದ್ದರೆ ಕೊನೆಗೆ ಕೊಟ್ಟದ್ದಕ್ಕಿಂತ 32 ಲಕ್ಷಕ್ಕೂ ಹೆಚ್ಚು ಉಳಿಯುತ್ತಿತ್ತು. 57.90 ಎಂಬ ದರ, ಮೊದಲ ದಿನ ಲೆಕ್ಕ ಹಾಕಬಹುದಾಗಿದ್ದ 56.30ರ ಗಡಿಯಿಂದ ಬಹಳ ದೂರವೇನೂ ಇರಲಿಲ್ಲ ಎಂಬುದನ್ನೂ ಗಮನಿಸಿ.

ಆಗಸ್ಟ್ 2013

ಮೇ 22ರಂದು ಅಮೆರಿಕದ ಫೆಡರಲ್ ರಿಸರ್ವ್ ಅಧ್ಯಕ್ಷ ಬೆನ್ ಬರ್ನಾಂಕಿ, ಬಾಂಡ್ ಖರೀದಿಯನ್ನು ಕಡಿಮೆ ಮಾಡಬಹುದೆಂಬ ಸೂಚನೆ ಕೊಟ್ಟರು. ಹೊರಗಿನ ಹಣ ಹಿಂದಕ್ಕೆ ಹೊರಟಿತು. ಜುಲೈನ ಎರಡನೇ ಕಂತು 59.80ಕ್ಕೆ ಹೋಯಿತು. ಜುಲೈ 15ರಂದು ರಿಸರ್ವ್ ಬ್ಯಾಂಕ್, ಬ್ಯಾಂಕುಗಳಿಗೆ ತುರ್ತು ಸಾಲ ಕೊಡುವ ಎಂಎಸ್‌ಎಫ್ ದರವನ್ನು ಶೇ 10.25ಕ್ಕೆ ಏರಿಸಿತು, ಆಗಸ್ಟ್‌ನಲ್ಲಿ ಚಿನ್ನದ ಆಮದು ಸುಂಕ ಶೇ 10 ಆಯಿತು. ಆಗಸ್ಟ್ 28ರಂದು ಡಾಲರ್ 68 ದಾಟಿ 69ರ ಅಂಚಿಗೆ ಹೋಯಿತು.

ಘಟಕವನ್ನು ಕೆಡವಿದ್ದು ಭಯವೊಂದೇ ಅಲ್ಲ, ಲಿಮಿಟ್ ಪತ್ರದ ಒಂದು ಸಾಲು. ಡಾಲರ್ ಸಾಲಕ್ಕೆ ಬ್ಯಾಂಕು ಕೊಟ್ಟ ಎಲ್‌ಒಯು ಲಿಮಿಟ್ ರೂಪಾಯಿಯಲ್ಲಿತ್ತು: 1.85 ಕೋಟಿ, ಕಂತು ತೀರಿದಂತೆ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಎರಡು ಕಂತು ತೀರಿದ ಮೇಲೆ ಲಿಮಿಟ್ 92.5 ಲಕ್ಷ. ಉಳಿದ ಎರಡು ಲಕ್ಷ ಡಾಲರ್‌ನ ಬೆಲೆ 68ರ ದರದಲ್ಲಿ 1.36 ಕೋಟಿ. ಮಿತಿಗಿಂತ 43.5 ಲಕ್ಷ ಹೆಚ್ಚು. ಸಾಲ ಅರ್ಧಕ್ಕೆ ಇಳಿದಿದ್ದರೂ ಖಾತೆ ಮಿತಿ ಮೀರಿತ್ತು.

ಏಳು ದಿನದಲ್ಲಿ ಅಷ್ಟನ್ನು ಮಾರ್ಜಿನ್ (ಭದ್ರತೆಯ ಹಣ) ಆಗಿ ಇಡಿ ಎಂದು ಶಾಖೆಯಿಂದ ಪತ್ರ ಬಂತು. 12 ಲಕ್ಷದ ಎಫ್‌ಡಿ ಒತ್ತೆ ಇಟ್ಟರು, ಮನೆಯಿಂದ 10 ಲಕ್ಷ ತಂದರು. ಉಳಿದದ್ದಕ್ಕೆ ದಾರಿ ಇರಲಿಲ್ಲ. ಆಗ ಶಾಖೆಯ ಸಾಲ ಅಧಿಕಾರಿ ಹೇಳಿದ್ದು: ಪೂರ್ತಿ ಮೊತ್ತಕ್ಕೆ ಫಾರ್ವರ್ಡ್ ಬುಕ್ ಮಾಡಿದರೆ ಅಪಾಯ ನಿಗದಿಯಾಯಿತು ಎಂದು ತೋರಿಸಿ ಉಳಿದಿದ್ದಕ್ಕೆ ತಾತ್ಕಾಲಿಕ ಲಿಮಿಟ್ ಕೊಡಿಸಬಹುದು. ಅದೇ ವಾರ ಬುಕ್ ಆಯಿತು. ಸ್ಪಾಟ್, ಅಂದರೆ ಅಂದಿನ ಮಾರುಕಟ್ಟೆ ದರ, 67.50, ಹನ್ನೊಂದು ತಿಂಗಳ ಪ್ರೀಮಿಯಂ 4.10, ಒಟ್ಟು 71.60. ರೂಪಾಯಿ ಉಳಿಸಲು ಏರಿಸಿದ ಬಡ್ಡಿಯೇ ಪ್ರೀಮಿಯಂ ಅನ್ನೂ ಉಬ್ಬಿಸಿತ್ತು. ರಕ್ಷಣೆ ಬೇಕೆಂದು ಎಲ್ಲರೂ ಓಡುವ ದಿನವೇ ಅದರ ಬೆಲೆ ಅತಿ ಹೆಚ್ಚು.

ಸೆಪ್ಟೆಂಬರ್ 4ರಂದು ರಘುರಾಂ ರಾಜನ್ ಗವರ್ನರ್ ಆಗಿ ಬಂದರು. ಅನಿವಾಸಿಗಳು ವಿದೇಶಿ ನಾಣ್ಯದಲ್ಲೇ ಇಡುವ ಎಫ್‌ಸಿಎನ್‌ಆರ್(ಬಿ) ಠೇವಣಿಗಳ ಡಾಲರ್‌ಗಳನ್ನು ಬ್ಯಾಂಕುಗಳಿಂದ ಶೇ 3.5ರ ರಿಯಾಯಿತಿ ದರದಲ್ಲಿ ಅದಲುಬದಲು ಮಾಡಿಕೊಳ್ಳುವ ಕಿಟಕಿ ತೆರೆಯಿತು. ನವೆಂಬರ್ ಕೊನೆಗೆ ಬ್ಯಾಂಕುಗಳ ವಿದೇಶಿ ಸಾಲವೂ ಸೇರಿ 34 ಶತಕೋಟಿ ಡಾಲರ್ ಬಂತು. ಅಕ್ಟೋಬರಿಗೆಲ್ಲ ರೂಪಾಯಿ 61.50.

ಆಗ ಅಣ್ಣ ತಮ್ಮಂದಿರ ನಡುವೆ ಮಾತು ಬೆಳೆಯಿತು. ಫಾರ್ವರ್ಡ್ ರದ್ದು ಮಾಡಿದರೆ? ರದ್ದತಿ ಎಂದರೆ ಅಂದಿನ ಫಾರ್ವರ್ಡ್ ದರಕ್ಕೂ ಬುಕ್ ಮಾಡಿದ ದರಕ್ಕೂ ಇರುವ ಅಂತರವನ್ನು ಕೂಡಲೇ ನಗದಾಗಿ ಕಟ್ಟುವುದು. ಜುಲೈಗೆ ಫಾರ್ವರ್ಡ್ 64.60 ಎಂದಿಟ್ಟುಕೊಂಡರೆ ಡಾಲರ್‌ಗೆ 7 ರೂಪಾಯಿ, ಒಟ್ಟು 14 ಲಕ್ಷ. ಕಟ್ಟಿದ ಮೇಲೆ, ಡಿಸೆಂಬರ್ 2011ರ ನಿಯಮದಿಂದಾಗಿ, ಮತ್ತೆ ಬುಕ್ ಮಾಡುವ ಬಾಗಿಲೂ ಬಹುಪಾಲು ಮುಚ್ಚುತ್ತಿತ್ತು; ಸೆಪ್ಟೆಂಬರಿನಲ್ಲಿ ಆಮದುದಾರರಿಗೆ ಸಡಿಲಿಸಿದ್ದು ರದ್ದಾದದ್ದರ ಕಾಲು ಭಾಗಕ್ಕೆ ಮಾತ್ರ. ಮುಟ್ಟದೆ ಬಿಟ್ಟರು. ನಮ್ಮ ದೃಷ್ಟಿಯಲ್ಲಿ ಇಡೀ ಮೂರು ವರ್ಷದಲ್ಲಿ ತೆಗೆದುಕೊಂಡ ಸರಿಯಾದ ತೀರ್ಮಾನ ಇದೊಂದೇ: ರದ್ದು ಮಾಡುವುದೆಂದರೆ 2011ರ ಪಂದ್ಯವನ್ನೇ ಹೊಸದಾಗಿ ಕಟ್ಟುವುದು. 2014ರ ಜುಲೈನಲ್ಲಿ ಮಾರುಕಟ್ಟೆಯಲ್ಲಿ ಡಾಲರ್ 60. ಇವರು ಕೊಟ್ಟದ್ದು 71.60.

ಕೊನೆಯ ಲೆಕ್ಕ

ಅಸಲು 258.5 ಲಕ್ಷ (55.5, 59.8, ಮತ್ತು ಕೊನೆಯ ಕಂತಿನ 143.2), ಬಡ್ಡಿ-ಕಮಿಷನ್ 40,500 ಡಾಲರ್‌ಗೆ 23.5 ಲಕ್ಷ. ಒಟ್ಟು 2.82 ಕೋಟಿ. ಅದೇ ಕಂತುಗಳಲ್ಲಿ ಶೇ 13ರ ರೂಪಾಯಿ ಸಾಲ ತೀರಿಸಿದ್ದರೆ ಒಟ್ಟು 2.30 ಕೋಟಿ. ಡಾಲರ್ ಸಾಲವನ್ನೇ ಎತ್ತಿ, ಮೊದಲ ದಿನವೇ ವರ್ಷಕ್ಕೆ ಶೇ 5ರ ಪ್ರೀಮಿಯಂ ಕೊಟ್ಟು 46.70, 48.95, 51.20ಕ್ಕೆ ಕಟ್ಟಿಹಾಕಿದ್ದರೆ 2.18 ಕೋಟಿಯ ಒಳಗೆ.

2.82 ಕೋಟಿಗೂ 2.18 ಕೋಟಿಗೂ ಇರುವ 64 ಲಕ್ಷದ ಅಂತರವನ್ನು ಬಿಡಿಸಿ ನೋಡಿದರೆ, ಸಾಲವನ್ನು ತೆರೆದಿಟ್ಟದ್ದರ ಬೆಲೆ 41 ಲಕ್ಷ, ಆಗಸ್ಟ್‌ನ ಗಾಬರಿಯ ಬೆಲೆ 23 ಲಕ್ಷ. ಎರಡನೆಯದು ರೂಪಾಯಿಯ ತಪ್ಪಲ್ಲ, ಲಿಮಿಟ್‌ನಲ್ಲಿ ಜಾಗ ಇಟ್ಟುಕೊಳ್ಳದ ತಪ್ಪು. ಒತ್ತೆ ಇಟ್ಟ 22 ಲಕ್ಷ ಕೈಗೆ ಸಿಗದೆ ಹಿತ್ತಾಳೆ ವ್ಯಾಪಾರಿಗೆ ತಡವಾಗಿ ಕಟ್ಟಿ, ನಗದು ರಿಯಾಯಿತಿ ಕಳೆದುಕೊಂಡದ್ದು ಇದರಲ್ಲಿ ಸೇರಿಲ್ಲ.

ಮಾತಿನಲ್ಲಿ ಆಗುವ ಒಂದು ಗೊಂದಲ: 44.50ರಿಂದ 68ಕ್ಕೆ ಹೋದರೆ ಡಾಲರ್ ಶೇ 53 ದುಬಾರಿಯಾಯಿತು, ರೂಪಾಯಿ ಶೇ 35 ಕುಸಿಯಿತು. ಎರಡೂ ಸರಿ. ಸಾಲಗಾರ ನೋಡಬೇಕಾದ್ದು ಮೊದಲನೆಯದನ್ನು, ಪತ್ರಿಕೆಗಳು ಸಾಮಾನ್ಯವಾಗಿ ಹೇಳುವುದು ಎರಡನೆಯದನ್ನು.

ಘಟಕ ಬದಲಿಸಿಕೊಂಡದ್ದು

2014ರ ಜನವರಿಯಲ್ಲಿ ರಿಸರ್ವ್ ಬ್ಯಾಂಕೇ ಬ್ಯಾಂಕುಗಳಿಗೆ ಹೊಸ ಲೆಕ್ಕ ಹೇರಿತು. ಗಿರಾಕಿ ಕಟ್ಟಿಹಾಕದೆ ಬಿಟ್ಟ ಡಾಲರ್ ಸಾಲದಿಂದ ಆಗಬಹುದಾದ ನಷ್ಟವನ್ನು, ಹತ್ತು ವರ್ಷದಲ್ಲಿ ಕಂಡ ಅತಿ ಹೆಚ್ಚು ವಾರ್ಷಿಕ ಏರಿಳಿತ ಹಿಡಿದು ಅಳೆಯಬೇಕು. ಅದು ಗಿರಾಕಿಯ ಗಳಿಕೆಯ ಶೇ 15ನ್ನು ಮೀರಿದರೆ ಬ್ಯಾಂಕು ಹೆಚ್ಚುವರಿ ಹಣ ತೆಗೆದಿಡಬೇಕು, ಶೇ 75 ಮೀರಿದರೆ ಬಂಡವಾಳವನ್ನೂ. ಅಂದಿನಿಂದ ಬ್ಯಾಂಕುಗಳು ಮೂರು ತಿಂಗಳಿಗೊಮ್ಮೆ ಕಟ್ಟಿಹಾಕದ ವಿದೇಶಿ ಸಾಲದ ಪಟ್ಟಿ ಕೇಳುತ್ತವೆ. ಹೆಚ್ಚಿನವರು ಅದನ್ನು ಕಾಟವೆಂದು ಕಾಣುತ್ತಾರೆ. ಈ ಘಟಕ ಅದನ್ನೇ ತನ್ನ ಹಾಳೆಯಾಗಿ ಮಾಡಿಕೊಂಡಿತು: ಕೊಡಬೇಕಾದ ಡಾಲರ್, ಬರಬೇಕಾದ ಡಾಲರ್, ತಾರೀಖು, ಕಟ್ಟಿಹಾಕಿದ್ದೆಷ್ಟು, ಉಳಿದಿದ್ದೆಷ್ಟು. ಯೂರೋಗೆ ಬೇರೆ ಹಾಳೆ. ಲೋಹದ ಖರೀದಿಗೆ ಇನ್ನೊಂದು ಕಾಲಂ. ಅದರ ಆಧಾರದ ಮೇಲೆ ದೊಡ್ಡ ಗಿರಾಕಿಗಳ ಜತೆ ದರವನ್ನು ವರ್ಷದ ಬದಲು ತ್ರೈಮಾಸಿಕಕ್ಕೆ ತಂದರು. ಆಮೇಲೆ ಬಂದ ಉಪಯೋಗದಲ್ಲಿ ದೊಡ್ಡ ಪಾಲು ಇದರದ್ದೇ.

ದರ ನೋಡಿ ಬುಕ್ ಮಾಡುವುದನ್ನು ಬಿಟ್ಟು ತಾರೀಖು ನೋಡಿ ಬುಕ್ ಮಾಡತೊಡಗಿದರು. ಬಿಲ್ ಆಫ್ ಲೇಡಿಂಗ್ (ಸರಕು ಹಡಗಿಗೇರಿದ ರಸೀದಿ) ಬಂದ ವಾರ ಅರ್ಧ. ಉಳಿದದ್ದರಲ್ಲಿ ತಿಂಗಳಿಗೆ ಒಂದು ಪಾಲು, ಕಂತಿಗೆ ಅರವತ್ತು ದಿನ ಇರುವಾಗ ಎಲ್ಲವೂ ಮುಗಿದಿರಬೇಕು. ಡಾಲರ್ ಏರುತ್ತಿದೆ, ಇಳಿಯುತ್ತಿದೆ ಎಂಬ ಮಾತಿಗೆ ಆ ಹಾಳೆಯಲ್ಲಿ ಜಾಗವಿಲ್ಲ. ಲಿಮಿಟ್ ಕೇಳುವಾಗ ಅಂದಿನ ದರದ ಮೇಲೆ ಶೇ 20 ಹೆಚ್ಚಿಗೆ ಮಂಜೂರು ಮಾಡಿಸಿಕೊಳ್ಳುತ್ತಾರೆ. ಬಳಸದ ಲಿಮಿಟ್‌ಗೆ ಬೀಳುವ ಶುಲ್ಕ 43 ಲಕ್ಷದ ಮಾರ್ಜಿನ್ ಮುಂದೆ ಏನೂ ಅಲ್ಲ.

ಬ್ಯಾಂಕು ಹೇಳಿದ ದರವನ್ನು ಒಟ್ಟಾಗಿ ಒಪ್ಪುವುದೂ ನಿಂತಿತು. ಸ್ಪಾಟ್ ಎಷ್ಟು, ಪ್ರೀಮಿಯಂ ಎಷ್ಟು, ನಿಮ್ಮ ಮಾರ್ಜಿನ್ (ಬ್ಯಾಂಕಿನ ಲಾಭ) ಎಷ್ಟು ಎಂದು ಮೂರು ಅಂಕಿ ಬೇರೆಬೇರೆ ಕೇಳುತ್ತಾರೆ. ಎರಡು ಲಕ್ಷ ಡಾಲರ್ ಮೇಲೆ 25 ಪೈಸೆ ಎಂದರೆ 50 ಸಾವಿರ ರೂಪಾಯಿ. 2019ರ ಆಗಸ್ಟ್‌ನಲ್ಲಿ ಕ್ಲಿಯರಿಂಗ್ ಕಾರ್ಪೊರೇಷನ್‌ನ ಎಫ್ಎಕ್ಸ್-ರೀಟೇಲ್ ವೇದಿಕೆ ಬಂದ ಮೇಲೆ ಸಣ್ಣವರಿಗೂ ಮಾರುಕಟ್ಟೆಯ ದರ ಕಣ್ಣೆದುರೇ ಸಿಗುತ್ತದೆ, ಬ್ಯಾಂಕಿನ ಮಾರ್ಜಿನ್ ಮೊದಲೇ ಒಪ್ಪಿಕೊಂಡಷ್ಟು.

2018ರ ಮಾರ್ಚ್ 13ರಂದು ರಿಸರ್ವ್ ಬ್ಯಾಂಕ್ ಎಲ್‌ಒಯು ಪದ್ಧತಿಯನ್ನೇ ನಿಲ್ಲಿಸಿತು. ವಿದೇಶಿ ಸಾಲ ಈಗ ಬ್ಯಾಂಕ್ ಗ್ಯಾರಂಟಿ, ಸ್ಟ್ಯಾಂಡ್‌ಬೈ ಎಲ್‌ಸಿ (ಗಿರಾಕಿ ಕಟ್ಟದಿದ್ದರೆ ತಾನು ಕಟ್ಟುವೆನೆಂದು ಬ್ಯಾಂಕು ಕೊಡುವ ಪತ್ರ) ಮೇಲೆ ನಡೆಯುತ್ತದೆ. ಡಾಲರ್ ಬಡ್ಡಿಗೆ ಆಧಾರವಾಗಿ ಲೈಬಾರ್ ಹೋಗಿ ಸೋಫರ್ ಎಂಬ ದರ ಬಂದಿದೆ. 2023ರ ಜೂನ್‌ನಲ್ಲಿ ಇದೇ ಘಟಕಕ್ಕೆ 3 ಲಕ್ಷ ಡಾಲರ್‌ನ ಇನ್ನೊಂದು ಯಂತ್ರ ಬೇಕಾಯಿತು. ಡಾಲರ್ 82ರ ಹತ್ತಿರ ತಿಂಗಳುಗಟ್ಟಲೆ ಮಿಸುಕದೆ ಕೂತಿತ್ತು, ಥೇಟ್ 2011ರ ಹಾಗೆ. ಬ್ಯಾಂಕಿನ ಹುಡುಗ ಡಾಲರ್ ಸಾಲದ ಪ್ರಸ್ತಾಪ ತಂದ. ತಮ್ಮ ಬರೆದುಕೊಂಡರು: ಸೋಫರ್ 5.3, ವಿದೇಶಿ ಶಾಖೆಗೆ 1.5, ಗ್ಯಾರಂಟಿಗೆ 1.5, ಫಾರ್ವರ್ಡ್ 1.7. ಒಟ್ಟು 10. ಪಕ್ಕದಲ್ಲಿ ರೂಪಾಯಿ ಸಾಲ: 9.8.

ಯಂತ್ರ ರೂಪಾಯಿ ಸಾಲದಲ್ಲೇ ಬಂತು. ಸಾಗಣೆಗೆ ಮುಂಚೆ ಕೊಡಬೇಕಿದ್ದ ಮುಂಗಡದಿಂದ ಹಡಗು ಹೊರಡುವವರೆಗಿನ ನಾಲ್ಕು ತಿಂಗಳಿಗೆ ಮಾತ್ರ ಡಾಲರ್ ಕಟ್ಟಿಹಾಕಿದರು, 82.20ರ ಮೇಲೆ 45 ಪೈಸೆಗೆ. ಆ ಹಾಳೆಯ ಡಾಲರ್ ಕಾಲಂನಲ್ಲಿ ನವೆಂಬರ್ 2023ರಿಂದ ಸೊನ್ನೆ ಇದೆ. 2024ರ ಡಿಸೆಂಬರಿನಲ್ಲಿ ಡಾಲರ್ 85 ದಾಟಿದ ವಾರವೂ ಅಲ್ಲಿ ಸೊನ್ನೆಯೇ ಇತ್ತು. ಹಿತ್ತಾಳೆಯ ಕಾಲಂ ಮಾತ್ರ ಏರಿತ್ತು. ಜನವರಿಯ ತ್ರೈಮಾಸಿಕ ದರಪಟ್ಟಿ ಅದನ್ನು ಸೇರಿಸಿಕೊಂಡೇ ಗಿರಾಕಿಗಳಿಗೆ ಹೋಯಿತು.